ಪೆಟ್ಟಿಗೆ ಇದ್ದ ಜಾಗ

ವಾರಿಜಾ ಗುರುಗಳನ್ನು ಕೇಳಿದಳು: "ಗುರುಗಳೇ, ಏನೂ ಕಳೆದುಹೋಗಿಲ್ಲ. ಆದರೂ ಒಬ್ಬರು ಕಳೆದುಕೊಂಡೆ ಅನ್ನುತ್ತಿದ್ದಾರೆ. ತಪ್ಪು ಯಾರದು?"

"ಬಿಡಿಸಿ ಹೇಳು ತಾಯಿ. ನಿನ್ನ ಕಂಪ್ಯೂಟರಿನ ಮಾತು ನನ್ನ ತಲೆಗೆ ಬೇಗ ಹತ್ತುವುದಿಲ್ಲ" ಎಂದರು ಗುರುಗಳು.

ಹಳ್ಳಿಹಳ್ಳಿಯ ಹಾಡುಗಳನ್ನು ಧ್ವನಿಮುದ್ರಿಸಿ ಕಾಪಾಡುವ ಸಂಸ್ಥೆಯಲ್ಲಿ ಅವಳ ಕೆಲಸ. ಆ ಹಾಡುಗಳ ರಾಶಿಯನ್ನು ಇಡಲು ಮೂರು ಕ್ಲೌಡ್ ಕಂಪನಿಗಳಿಂದ ಜಾಗ ಬಾಡಿಗೆಗೆ ಪಡೆದಿದ್ದರು. ಎಲ್ಲಿ ಬಾಡಿಗೆ ಇಳಿದಿದೆ, ಎಲ್ಲಿ ವೇಗ ಹೆಚ್ಚಿದೆ ಎಂದು ನೋಡಿ, ಹಾಡುಗಳನ್ನೂ ಅವನ್ನು ಕೇಳಿಸುವ ತಂತ್ರಾಂಶವನ್ನೂ ಒಟ್ಟಿಗೆ ಅಲ್ಲಿಗೆ ಸಾಗಿಸುವ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ಅದು ಯಾರನ್ನೂ ಕೇಳದೆ ತಾನೇ ಸಾಗಿಸುತ್ತಿತ್ತು. ಒಬ್ಬ ಮುದುಕರು ದಿನಾ ಸಂಜೆ ತಮ್ಮ ಫೋನಿನಲ್ಲಿ, ತೀರಿಹೋದ ಅಕ್ಕ ಹಾಡಿದ ಬೀಸುವ ಪದ ಕೇಳುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಯಾರೋ ತೋರಿಸಿಕೊಟ್ಟ ಹಳೆಯ ವಿಳಾಸ. ಈಗ ಅಲ್ಲಿ ಒತ್ತಿದರೆ ಏನೂ ಬರುವುದಿಲ್ಲ.

"ಹಾಡು ಭದ್ರವಾಗಿದೆ, ಮೊದಲಿಗಿಂತ ಒಳ್ಳೆಯ ಜಾಗದಲ್ಲೇ ಇದೆ. ಅವರು ಫೋನ್ ಮಾಡಿ, 'ನಮ್ಮಕ್ಕ ಎಲ್ಲಿಗೆ ಹೋದಳವ್ವಾ?' ಅಂತ ಕೇಳಿದರು. ನಾನೇನು ಹೇಳಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜೇನು ವ್ಯಾಪಾರಿ ಇದ್ದ. ಅವನಿಗೆ ಬೇಕಾದಷ್ಟು ಜೇನುಪೆಟ್ಟಿಗೆಗಳಿದ್ದವು, ಸ್ವಂತ ನೆಲ ಮಾತ್ರ ಗೇಣಗಲವೂ ಇರಲಿಲ್ಲ. ಪೆಟ್ಟಿಗೆಗಳನ್ನು ಮೂವರು ರೈತರ ನೆಲದಲ್ಲಿ ಇಡುತ್ತಿದ್ದ. ಒಬ್ಬನದು ಸೂರ್ಯಕಾಂತಿ, ಒಬ್ಬನದು ಹುಚ್ಚೆಳ್ಳು, ಇನ್ನೊಬ್ಬನದು ಹೊಂಗೆಯ ತೋಪು. ಎಲ್ಲಿ ಹೂವು ಬಂತು ಎಂದು ವಿಚಾರಿಸಿಕೊಂಡು ಅಲೆದೂ ಅಲೆದೂ ಅವನಿಗೆ ಸಾಕುಸಾಕಾಯಿತು. ಬುದ್ಧಿವಂತ, ಒಂದು ಉಪಾಯ ಹೂಡಿದ. ಹೂವು ಬಿರಿದಷ್ಟೂ ರೈತ ತನ್ನ ಬಾವುಟವನ್ನು ಮೇಲಕ್ಕೆ ಏರಿಸಬೇಕು. ಗುಡ್ಡದ ಮೇಲಿನ ಗಾಡಿಯವನು ಯಾವ ಬಾವುಟ ಎತ್ತರವೋ ಅತ್ತ ಪೆಟ್ಟಿಗೆಗಳನ್ನು ಸಾಗಿಸಬೇಕು. ಕೇಳುವಂತಿಲ್ಲ, ಕಾಯುವಂತಿಲ್ಲ.

ಜೇನುತುಪ್ಪ ಹೆಚ್ಚಿತು. ವ್ಯಾಪಾರಿ ಮೀಸೆ ತಿರುವಿದ. ಆಮೇಲೆ ಪೆಟ್ಟಿಗೆಗಳು ಒಂದೊಂದಾಗಿ ಮಂಕಾದವು. ರಾಣಿ ಇತ್ತು, ಮರಿ ಇತ್ತು, ಮೇಣದ ಎರಿಯಲ್ಲಿ ತುಪ್ಪವೂ ಇತ್ತು. ದುಡಿಯುವ ಹುಳುಗಳೇ ಇರಲಿಲ್ಲ. ರೋಗ ಎಂದುಕೊಂಡ. ಹೊಗೆ ಹಾಕಿದ, ಪೆಟ್ಟಿಗೆ ಬದಲಿಸಿದ, ಪಾಪದ ಗಾಡಿಯವನ ಮೇಲೆ ಹರಿಹಾಯ್ದ.

ಒಂದು ದಿನ, ಬಾವುಟ ಇಳಿದಿದ್ದ ಸೂರ್ಯಕಾಂತಿ ಹೊಲದ ಪಕ್ಕದಲ್ಲಿ ಹೋಗುತ್ತಿದ್ದ. ಪೆಟ್ಟಿಗೆ ಹೋಗಿ, ಅದನ್ನಿಟ್ಟಿದ್ದ ಕಲ್ಲು ಉಳಿದಿತ್ತು. ಕಲ್ಲಿನ ಮೇಲೆ, ಪೆಟ್ಟಿಗೆಯ ಬಾಗಿಲು ಇದ್ದಷ್ಟೇ ಎತ್ತರದಲ್ಲಿ, ಹುಳುಗಳು ಬರಿಯ ಗಾಳಿಯನ್ನು ಸುತ್ತುತ್ತಿದ್ದವು. ಅವುಗಳ ಕಾಲಲ್ಲಿ ಹಳದಿ ಪರಾಗದ ಉಂಡೆ ಹಾಗೇ ಇತ್ತು. ಇಳಿಸಲು ಮನೆ ಇರಲಿಲ್ಲ. ಮೇಯಲು ಹೊರಟಾಗ ಇದ್ದ ಮನೆ, ತಿರುಗಿ ಬರುವಷ್ಟರಲ್ಲಿ ಗಾಡಿ ಹತ್ತಿಹೋಗಿತ್ತು.

ಹೊಲದ ರೈತ ಹತ್ತಿರ ಬಂದ. "ದಿನಾ ಇದೇ ಪಾಡು ಸಾವ್ಕಾರ್ರೇ. ಕತ್ತಲಾಗೋ ತನಕ ಸುತ್ತುತಾವೆ. ಆಮೇಲೆ ಕಲ್ಲಿನ ಮೇಲೆ ಕೂರ್ತಾವೆ. ಬೆಳಿಗ್ಗೆ ಏಳಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"'ಬಾವುಟ ಏರಿಸು, ಮಾತು ಬೇಡ' ಅಂದಿದ್ದು ನೀವೇ ಅಲ್ವಾ?"

ವ್ಯಾಪಾರಿ ಕಲ್ಲಿನ ಪಕ್ಕದಲ್ಲಿ ಕೂತ. ಅವನಿಗೆ ಅಳು ಬಂತು, ಅತ್ತುಬಿಟ್ಟ. ಗುಡ್ಡದ ಆಚೆ ಆ ಹುಳುಗಳ ಮನೆ ಕ್ಷೇಮವಾಗಿತ್ತು, ಒಳ್ಳೆಯ ಹೂವಿನ ನಡುವೆ ಇತ್ತು. ಅದು ಇವುಗಳಿಗೆ ಗೊತ್ತಾಗುವುದು ಹೇಗೆ? ಇವಕ್ಕೆ ಗೊತ್ತಿದ್ದದ್ದು ಈ ಜಾಗ ಒಂದೇ. ಎಲ್ಲಿಂದಲೋ ಭಾರ ಹೊತ್ತುಕೊಂಡು ಆಸೆಯಿಂದ ಇಲ್ಲಿಗೇ ಬಂದಿದ್ದವು. ಇಲ್ಲ ಎಂದು ತಿಳಿದರೂ, ಒಂದು ಸುತ್ತು ಹೋಗಿ ಮತ್ತೆ ಇಲ್ಲಿಗೇ ಬರುತ್ತಿದ್ದವು.

ವ್ಯಾಪಾರಿ ಬಾವುಟಗಳನ್ನು ಕಿತ್ತುಹಾಕಲಿಲ್ಲ. ಹೂವು ಇರುವಲ್ಲಿಗೆ ಪೆಟ್ಟಿಗೆ ಹೋಗಲೇಬೇಕಲ್ಲ. ಆದರೆ ಅಂದಿನಿಂದ ಹುಳುಗಳೆಲ್ಲ ಗೂಡು ಸೇರಿದ ಮೇಲೆಯೇ ಗಾಡಿ ಕಟ್ಟಿಸಿದ. ಬಿಟ್ಟುಹೋಗುವ ಪ್ರತಿ ಕಲ್ಲಿನ ಮೇಲೂ, ಹಳೆಯ ಎರಿಯ ತುಂಡೊಂದನ್ನು ಹಾಕಿ ಖಾಲಿ ಪೆಟ್ಟಿಗೆ ಇಡಿಸಿದ. ಆದರೂ ಎಲ್ಲೋ ಹೊರಗೆ ಉಳಿದುಹೋದ ಹುಳುಗಳು ಬಂದು ಅದರೊಳಗೆ ಕೂರುತ್ತಿದ್ದವು. ಮರುದಿನ ಮುಸ್ಸಂಜೆಗೆ ತಾನೇ ಬಂದು, ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಅವುಗಳ ಬಳಗ ಇದ್ದಲ್ಲಿಗೆ ಮುಟ್ಟಿಸುತ್ತಿದ್ದ. ಅದೊಂದು ಕೆಲಸವನ್ನು ಅವನು ಬಾವುಟಕ್ಕೂ ಬಿಡಲಿಲ್ಲ, ಗಾಡಿಯವನಿಗೂ ಬಿಡಲಿಲ್ಲ.

ಗುರುಗಳು ನಿಲ್ಲಿಸಿದರು. ವಾರಿಜಾಳ ಮುಖ ಸ್ವಲ್ಪ ಗೆಲುವಾಯಿತು. "ಹಾಗಾದರೆ ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಅಲ್ಲವೇ ಗುರುಗಳೇ?"

ಗುರುಗಳು ಇಳಿಯುತ್ತಿದ್ದ ಬಿಸಿಲನ್ನು ನೋಡಿದರು.

"ಸಂಜೆಯಾಯಿತು ತಾಯಿ, ಆ ಹಿರಿಯರು ಈಗ ಹಳೆಯ ಜಾಗಕ್ಕೆ ಬಂದಿರುತ್ತಾರೆ, ಅಲ್ಲಿ ನೀನು ಏನು ಇಟ್ಟು ಬಂದಿದ್ದೀಯ?"