ಸೋರುವ ಮಡಕೆಯೂ ನೆಗಡಿಯ ಗಂಡನೂ

ಒಂದಾನೊಂದು ಊರಿನಲ್ಲಿ ಒಂದು ಮಡಕೆ ಸೋರುತ್ತಿತ್ತು. ಹೆಚ್ಚೇನಲ್ಲ, ದಿನಕ್ಕೆ ಒಂದು ಹನಿ. ಆ ಕತೆ ಹೇಳುತ್ತೇನೆ, ಸೌದೆಯನ್ನು ಸ್ವಲ್ಪ ಒಳಕ್ಕೆ ನೂಕಿ ಕೂತುಕೊಳ್ಳಿ.

ಮಡಕೆ ಪುಟ್ಟೀರಮ್ಮನದು. ಅವಳ ಅತ್ತೆಯಿಂದ ಬಂದದ್ದು, ಅತ್ತೆಗೆ ಅವಳ ಅತ್ತೆಯಿಂದ. ಅದರಲ್ಲಿ ಪುಟ್ಟೀರಮ್ಮ ರಾಗಿಯ ಹೆಂಡ ಮಾಡುತ್ತಿದ್ದಳು, ಮಾರುವುದಕ್ಕಲ್ಲ, ಮನೆಗೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಅಂಬಲಿ ಕಾಯಿಸಿ, ಆರಿಸಿ, ಮಡಕೆಗೆ ಸುರಿದು ಬಾಯಿಗೆ ಬಟ್ಟೆ ಕಟ್ಟಿದರೆ ಐದನೆಯ ದಿನಕ್ಕೆ ಹೆಂಡ. ಆರನೆಯ ದಿನ ಅವಳ ಗಂಡ ಬೆಟ್ಟಯ್ಯ ಒಂದು ಕರಟ ಕುಡಿದು ಏನಾದರೂ ಒಂದು ತಪ್ಪು ಹೇಳುತ್ತಿದ್ದ. ಹುಳಿ ಜಾಸ್ತಿಯಾಯಿತು ಅನ್ನುವನು. ಇಲ್ಲವೇ ಸಪ್ಪೆ ಅನ್ನುವನು. ಇಲ್ಲವೇ ಹೊಗೆ ವಾಸನೆ ಅನ್ನುವನು. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿದೆ ಅಂದವನಲ್ಲ. ಅವಳು ಬಯ್ದುಕೊಳ್ಳುತ್ತಲೇ ಮುಂದಿನ ಸಲ ಉರಿ ತಗ್ಗಿಸುವಳು, ಇಲ್ಲವೇ ಒಂದು ದಿನ ಮೊದಲೇ ಬಟ್ಟೆ ಬಿಚ್ಚುವಳು.

ಹೀಗಿರುವಾಗ ಮಡಕೆ ಸೋರಿತು. ಸುಣ್ಣ ಬೆಲ್ಲ ಕಲಸಿ ಮೆತ್ತು ಅಂದ ಬೆಟ್ಟಯ್ಯ. ಆಚೆಮನೆಯ ಸಾಕವ್ವ, ಮೆತ್ತುವ ಕಾಲ ಹೋಯಿತಕ್ಕ, ಹೊಸದು ತಗೋ ಅಂದಳು. ಪುಟ್ಟೀರಮ್ಮ ಇಬ್ಬರ ಮಾತನ್ನೂ ಕೇಳಿ ಕೊನೆಗೆ ಮಡಕೆಯನ್ನೇ ಕೇಳಿದಳು. ಆ ಕಾಲದಲ್ಲಿ ಮಡಕೆಗಳು ಕೇಳಿದರೆ ಮಾತ್ರ ಮಾತಾಡುತ್ತಿದ್ದವು.

"ಮೆತ್ತಿದರೆ ನಾನು ತೇಪೆ ಮಡಕೆ ಅನ್ನಿಸಿಕೊಳ್ತೀನಿ," ಅಂದಿತು ಮಡಕೆ. "ಬದಲಾಯಿಸಿದರೆ ಏನೂ ಅನ್ನಿಸಿಕೊಳ್ಳೋದಕ್ಕೆ ನಾನೇ ಇರೋದಿಲ್ಲ. ನನಗೆ ಎರಡೂ ಬೇಡ. ನೀನು ಯೋಚನೆ ಮಾಡ್ತಾ ಇರು."

ಪುಟ್ಟೀರಮ್ಮ ಯೋಚನೆ ಮಾಡುತ್ತಾ ಹೋದಳು. ಹನ್ನೊಂದು ದಿನ ಯೋಚನೆ ಮಾಡಿದಳು. ಹನ್ನೊಂದು ಹನಿ ಬಿದ್ದವು.

ಹನ್ನೆರಡನೆಯ ದಿನ ಅರಮನೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದ ರಾಜನ ಮೂಗಿನ ಮೇಲೆ ಮಾಡಿನಿಂದ ಒಂದು ಹನಿ ಬಿತ್ತು. ರಾಜ ಎದ್ದು ಕೂತು, ನನ್ನ ರಾಜ್ಯದಲ್ಲಿ ಸೋರುವುದೆಲ್ಲ ಬದಲಾಗಬೇಕು ಎಂದು ಆಜ್ಞೆ ಮಾಡಿ ಮತ್ತೆ ಮಲಗಿದ. ಅದನ್ನು ಜಾರಿಗೆ ತರಲು ಸೋರಿಕೆ ಅಮಲ್ದಾರ ಎಂಬೊಬ್ಬನನ್ನು ನೇಮಿಸಿದರು.

ಅಮಲ್ದಾರ ಸೋರುವ ಮಾಡುಗಳನ್ನು ಬದಲಾಯಿಸಿದ. ಕರು ಕಂಡರೆ ಹಾಲು ಸೋರಿಸುವ ಹಸುಗಳನ್ನು ಬದಲಾಯಿಸಿದ. ಮೋಡಗಳಿಗೆ ನೋಟೀಸು ಕಳಿಸಿದ. ಮೋಡಗಳು ಮರ್ಯಾದಸ್ಥರು, ಪಕ್ಕದ ರಾಜ್ಯಕ್ಕೆ ಹೋದವು. ಹಾಲುಗೂಸುಗಳನ್ನು ಏನು ಮಾಡುವುದೆಂದು ತಿಳಿಯದೆ ಒಂದು ಸಮಿತಿ ಮಾಡಿದರು. ಆ ಸಮಿತಿ ವರದಿ ಕೊಡುವಷ್ಟರಲ್ಲಿ ಕೂಸುಗಳಿಗೆ ಮೀಸೆ ಬಂದಿತ್ತು.

ಅಮಲ್ದಾರ ಪುಟ್ಟೀರಮ್ಮನ ಮನೆಗೂ ಬಂದ. ಅವತ್ತು ಬೆಟ್ಟಯ್ಯನಿಗೆ ನೆಗಡಿ. ಮಡಕೆ ಕಾಣದಿರಲಿ ಎಂದು ಅವನು ಅದಕ್ಕೆ ಅಡ್ಡ ನಿಂತ. ನಿಂತವನು ಸೀನಿದ. ಅಮಲ್ದಾರ ಮೊದಲು ಅವನ ಮೂಗನ್ನು ನೋಡಿದ, ಆಮೇಲೆ ಅವನ ಹಿಂದಿನ ಮಡಕೆಯನ್ನು ನೋಡಿದ, ಪುಸ್ತಕದಲ್ಲಿ ಎರಡು ಸಾಲು ಬರೆದ. ಮಡಕೆಗೊಂದು ಚೀಟಿ ಕಟ್ಟಿದರು, ಬೆಟ್ಟಯ್ಯನಿಗೊಂದು ಚೀಟಿ ಕಟ್ಟಿದರು, ಎರಡನ್ನೂ ಒಂದೇ ಗಾಡಿಯಲ್ಲಿ ಅರಮನೆಯ ಉಗ್ರಾಣಕ್ಕೆ ಸಾಗಿಸಿದರು. ಸಂಜೆಯೊಳಗೆ ಜಗುಲಿಯ ಮೇಲೆ ಒಂದು ಹೊಸ ಮಡಕೆಯೂ ಒಬ್ಬ ಹೊಸ ಗಂಡನೂ ಬಂದು ಕೂತಿದ್ದರು.

ನಿಯಮ ಹೀಗಿತ್ತು. ಎಂಟು ದಿನದೊಳಗೆ ಬಂದರೆ ಹಳೆಯದನ್ನು ದುರಸ್ತಿ ಮಾಡಿಸಿ ಹಿಂದಕ್ಕೆ ಒಯ್ಯಬಹುದು. ಆದರೆ ಮನೆಗೊಂದೇ ಹಳೆಯದು. ಎಂಟು ದಿನ ಕಳೆದರೆ ಹೊಸದೇ ಖಾಯಂ.

ಹೊಸ ಮಡಕೆ ಒಳ್ಳೆಯ ಮಡಕೆ. ಎಷ್ಟು ನುಣುಪು ಅಂದರೆ ಅದರ ಮೇಲೆ ನೊಣ ಕೂತರೆ ಜಾರಿ ಬೀಳುತ್ತಿತ್ತು. ಹೊಸ ಗಂಡನೂ ಒಳ್ಳೆಯವನು. ಮೂಗು ಒಣಗಿತ್ತು. ಹೆಸರೇನೆಂದು ಕೇಳಿದರೆ, ನಿಮಗೆ ಯಾವುದು ಇಷ್ಟವೋ ಅದು ಅಂದ. ಸಾಕವ್ವ ಬಂದು ಇಬ್ಬರನ್ನೂ ಬೆರಳಿನಿಂದ ತಟ್ಟಿ ನೋಡಿ, ಅದೃಷ್ಟವಂತೆ ಅಂದಳು.

ಪುಟ್ಟೀರಮ್ಮ ಹೊಸ ಮಡಕೆಯಲ್ಲಿ ಅಂಬಲಿ ಸುರಿದು ಬಟ್ಟೆ ಕಟ್ಟಿದಳು. ಆರನೆಯ ದಿನ ಬಿಚ್ಚಿ ನೋಡಿದರೆ ಒಳಗಿದ್ದದ್ದು ಹೆಂಡವಲ್ಲ, ಆರು ದಿನದ ಹಳಸಲು ಅಂಬಲಿ. ಹೊಸ ಗಂಡ ಒಂದು ಕರಟ ಕುಡಿದು ಚೆನ್ನಾಗಿದೆ ಅಂದ. ಅವಳಿಗೆ ನಂಬಿಕೆ ಬರಲಿಲ್ಲ. ಒಂದು ಹಿಡಿ ಉಪ್ಪು ಹಾಕಿ ಕೊಟ್ಟಳು. ಚೆನ್ನಾಗಿದೆ ಅಂದ. ಮಡಕೆ ತೊಳೆದ ನೀರು ಕೊಟ್ಟಳು. ಇನ್ನೂ ಚೆನ್ನಾಗಿದೆ ಅಂದ.

ಪುಟ್ಟೀರಮ್ಮನಿಗೆ ಭಯವಾಯಿತು. ತಾನು ಮಾಡಿದ್ದು ಏನೆಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮೂವತ್ತೆರಡು ವರ್ಷ ತಾನು ಹೆಂಡ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಈಗ ನೋಡಿದರೆ ಅರ್ಧ ಕೆಲಸ ಮಡಕೆಯದು. ಉಳಿದ ಅರ್ಧ ತಪ್ಪು ಹೇಳುವವನದು. ನಡುವೆ ತನ್ನದೆಷ್ಟು ಎಂದು ಎರಡು ದಿನ ಯೋಚಿಸಿದಳು. ಲೆಕ್ಕ ಸಿಗಲಿಲ್ಲ. ಎಂಟನೆಯ ದಿನ ಸೆರಗು ಸಿಕ್ಕಿಸಿಕೊಂಡು ಅರಮನೆಗೆ ನಡೆದಳು.

ರಾಜ ಮನೆಯೊಳಗೇ ಕೊಡೆ ಬಿಚ್ಚಿಕೊಂಡು ಕೂತಿದ್ದ.

"ಎರಡೂ ಬೇಕು ಬುದ್ಧಿ," ಅಂದಳು ಪುಟ್ಟೀರಮ್ಮ. "ಅವೆರಡೂ ಒಂದೇ ಸಾಮಾನು."

ಎರಡು ಕಡೆ ಸೋರುವುದು ಒಂದು ಸಾಮಾನು ಹೇಗಾಗುತ್ತದೆ ಎಂದು ರಾಜ ಕೇಳಿದ. ಅವಳು ಮತ್ತೆ ಎರಡೂ ಬೇಕು ಅಂದಳು. ಉಗ್ರಾಣ ತೋರಿಸಿ, ಹೊತ್ತು ಮುಳುಗುವುದರೊಳಗೆ ಒಂದನ್ನು ಆರಿಸು ಅಂದರು.

ಉಗ್ರಾಣದ ಮೂರನೆಯ ಹಲಗೆಯ ಮೇಲೆ ಮಡಕೆಯೂ ಬೆಟ್ಟಯ್ಯನೂ ಚೀಟಿ ಕಟ್ಟಿಕೊಂಡು ಅಕ್ಕಪಕ್ಕ ಕೂತಿದ್ದರು. ಪುಟ್ಟೀರಮ್ಮ ಎದುರಿಗೆ ನೆಲದ ಮೇಲೆ ಕೂತು ಯೋಚನೆ ಮಾಡಿದಳು. ಮಡಕೆ ಇಲ್ಲದಿದ್ದರೆ ಹೆಂಡವಿಲ್ಲ. ಗಂಡ ಇಲ್ಲದಿದ್ದರೆ ಹೆಂಡ ಇದ್ದರೂ ಅದು ಹೆಂಡವೋ ಅಲ್ಲವೋ ಗೊತ್ತಾಗುವುದಿಲ್ಲ. ಮಧ್ಯಾಹ್ನವಾಯಿತು. ಬಿಸಿಲು ಇಳಿಯಿತು.

"ಲೇ, ಮಡಕೆ ತಗೊಂಡು ಹೋಗು," ಅಂದ ಬೆಟ್ಟಯ್ಯ. "ಅದು ನಮ್ಮವ್ವನದು. ನೀನೂ ಬೇರೆ ಮನೆಯಿಂದ ಬಂದವಳು, ಆ ಹೊಸಬನೂ ಬೇರೆ ಮನೆಯವನು. ಮನೆಯವರು ಅಂತ ಒಬ್ಬರಾದರೂ ಇರಲಿ."

ಪುಟ್ಟೀರಮ್ಮ ಮಡಕೆಯನ್ನೂ ಕೇಳಿದಳು. "ಎಂಟು ದಿನದಿಂದ ಇವನ ಪಕ್ಕ ಕೂತಿದೀನಿ," ಅಂದಿತು ಮಡಕೆ. "ನನ್ನ ಆಕಾರ ಸರಿಯಿಲ್ಲ ಅಂತಾನೆ, ಹಲಗೆ ಓರೆ ಅಂತಾನೆ. ಇವನನ್ನು ಕರಕೊಂಡು ಹೋಗು ತಾಯಿ."

ಪುಟ್ಟೀರಮ್ಮ ಎದ್ದಳು. ಹಲಗೆಯ ಕೆಳಗೆ ಕೈಯಿಟ್ಟು ನೋಡಿದಳು. ಓರೆ ಇತ್ತು. ಎಂಟು ದಿನದಿಂದ ಅಷ್ಟು ಜನ ಓಡಾಡಿದ್ದರು, ಯಾರೂ ಹೇಳಿರಲಿಲ್ಲ.

ಅವಳು ಅಮಲ್ದಾರನ ಕಡೆ ತಿರುಗಿ, ಮಡಕೆಯ ತಳದಲ್ಲಿ ಕೂತಿರುವ ಹಳೆಯ ಹೆಂಡದ ಗಸಿ ಸೋರುತ್ತದೆಯೇ ಸ್ವಾಮಿ ಎಂದು ಕೇಳಿದಳು. ಅಮಲ್ದಾರ ಬೆರಳಿನಿಂದ ಮುಟ್ಟಿ ನೋಡಿದ. ಗಟ್ಟಿಯಾಗಿತ್ತು. ಪುಸ್ತಕ ನೋಡಿದ. ಗಸಿಯ ವಿಷಯ ಏನೂ ಇರಲಿಲ್ಲ. ಸೋರದ್ದನ್ನು ತಡೆಯುವ ಅಧಿಕಾರ ನನಗಿಲ್ಲ ಅಂದ. ಅವಳು ಗಸಿಯನ್ನೆಲ್ಲ ಕೆರೆದು ಒಂದು ಮುತ್ತುಗದ ದೊನ್ನೆಗೆ ತುಂಬಿಕೊಂಡಳು. ಮಡಕೆ ತಡೆಯಲಿಲ್ಲ, ಮಾತೂ ಆಡಲಿಲ್ಲ. ಅವಳೂ ಏನೂ ಕೇಳಲಿಲ್ಲ. ಬೆಟ್ಟಯ್ಯನ ಮೂಗಿಗೆ ಒಂದು ವಸ್ತ್ರ ಕಟ್ಟಿ, ಚೀಟಿಯ ಮೇಲೆ ದುರಸ್ತಿಯಾಗಿದೆ ಎಂದು ಬರೆಸಿ, ಕೈ ಹಿಡಿದು ಇಳಿಸಿಕೊಂಡು ಹೊರಟಳು.

ಹಳೆಯ ಮಡಕೆ ಉಗ್ರಾಣದಲ್ಲಿ ಉಳಿಯಿತು. ಒಳಗೆ ಏನೂ ಇಲ್ಲದ್ದರಿಂದ ಅದು ಮುಂದೆ ಸೋರಲಿಲ್ಲ. ಅಮಲ್ದಾರ ಅದರ ಚೀಟಿಯ ಮೇಲೂ ದುರಸ್ತಿಯಾಗಿದೆ ಎಂದು ಬರೆದ.

ಹೊಸ ಗಂಡನನ್ನು ಸಾಕವ್ವ ಒಂದು ವಾರ ಇಟ್ಟುಕೊಂಡಳು. ಎಂಟನೆಯ ದಿನ ಅವನನ್ನು ಅರಮನೆಗೆ ಕಳಿಸಿದಳು. ಅಲ್ಲಿ ಅವನನ್ನು ಮಂತ್ರಿ ಮಾಡಿದರು. ಆ ಕೆಲಸಕ್ಕೆ ಬೇಕಾದ ಒಂದು ಮಾತು ಅವನಿಗೆ ಮೊದಲೇ ಬರುತ್ತಿತ್ತು.

ಮನೆಗೆ ಬಂದ ಪುಟ್ಟೀರಮ್ಮ ಹೊಸ ಮಡಕೆಯ ಒಳಮೈಗೆ ಗಸಿ ಬಳಿದು, ಅಂಬಲಿ ಸುರಿದು, ಬಟ್ಟೆ ಕಟ್ಟಿದಳು. ಐದು ದಿನ ಅದರ ಪಕ್ಕದಲ್ಲೇ ಕೂತಳು. ಆರನೆಯ ದಿನ ಬೆಟ್ಟಯ್ಯ ಮೂಗಿನ ವಸ್ತ್ರ ಮೇಲೆತ್ತಿ ಒಂದು ಕರಟ ಕುಡಿದ. ಕರಟದ ತಳ ನೋಡಿದ.

"ಇದನ್ನ ಹೆಂಡ ಅಂತಾರಾ?" ಅಂದ. "ಹುಳಿ ಇಲ್ಲ, ಕಸುವಿಲ್ಲ, ಮಡಕೆ ವಾಸನೆ ಬೇರೆ."

ಪುಟ್ಟೀರಮ್ಮ ಬಯ್ಯಲಿಲ್ಲ. ಇನ್ನೊಂದು ಕರಟ ತುಂಬಿ ಅವನ ಮುಂದಿಟ್ಟು, ಉಳಿದದ್ದನ್ನೂ ಹೇಳಲಿ ಎಂದು ಕಾಲು ಚಾಚಿ ಕೂತಳು.

ಈ ಕತೆಯ ನೀತಿ: ಮಡಕೆ ಬದಲಾಯಿಸುವ ಮೊದಲು ನೆಗಡಿ ಯಾರಿಗಿದೆ ನೋಡಿಕೊಳ್ಳಿ. ಕತೆ ಇಲ್ಲಿಗೆ ಬತ್ತಿತು. ತಪ್ಪು ಕಂಡವರು ಕೂತು ಹೇಳಿ, ಬೆಂಕಿ ಇನ್ನೂ ಇದೆ. ಚೆನ್ನಾಗಿದೆ ಅನ್ನುವವರು ಅರಮನೆಯ ದಾರಿ ಹಿಡಿಯಿರಿ, ಅಲ್ಲಿ ನಿಮಗೆ ಕೆಲಸವಿದೆ.