ಎಂಟನೆಯ ಔಷಧಿ

"ಗುರುಗಳೇ, ಎಂಟನೆಯ ಔಷಧಿಯಾಗಿ ಯಾವುದನ್ನು ಕೊಡಲಿ?" ಎಂದು ವೈದ್ಯ ಕಲಿಯುತ್ತಿದ್ದ ಮರಿಸ್ವಾಮಿ ಕೇಳಿದ.

ರೋಗಿ ಅವನ ಸ್ವಂತ ಅಣ್ಣ. ಕಣ್ಣು ಹಳದಿಯಾಗಿ ತಿಂಗಳಾಗಿತ್ತು, ಹೊಟ್ಟೆ ಉಬ್ಬಿತ್ತು. ರಕ್ತವನ್ನು ತಿಳಿ ಮಾಡುವ ಯಕೃತ್ತು ಸೋಲುತ್ತಿದೆ ಎಂಬುದೇನೋ ಮರಿಸ್ವಾಮಿಗೆ ಗೊತ್ತಿತ್ತು. ಸೊಪ್ಪಿನ ರಸ, ಕಷಾಯ, ಭಸ್ಮ ಎಂದು ಕಲಿತದ್ದನ್ನೆಲ್ಲ ಧಾರಾಳವಾಗಿ ಸುರಿದಿದ್ದ. ಒಟ್ಟು ಏಳು ಬಗೆ. ಹಳದಿ ಇಳಿಯಲಿಲ್ಲ. ನಿನ್ನೆಯಿಂದ ಅಣ್ಣ ತನ್ನ ಮಗಳನ್ನೇ ಯಾರೆಂದು ಕೇಳುತ್ತಿದ್ದ. ಆದರೂ ಮರಿಸ್ವಾಮಿಯ ಧೈರ್ಯ ಕುಂದಿರಲಿಲ್ಲ. ಏಳು ಬಲ್ಲವನಿಗೆ ಎಂಟನೆಯದು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಅವನದು.

ಗುರುಗಳು ಕತೆ ಹೇಳಿದರು.

ಒಬ್ಬ ಯಜಮಾನನಿಗೆ ಆಲೆಮನೆಯಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ತೆಗೆಯಲು ನಾಲ್ವರು ಆಳುಗಳಿದ್ದರು. ಯಜಮಾನ ಒಲೆಯ ಹತ್ತಿರ ಸುಳಿಯುವವನಲ್ಲ. ಹೊರಗೆ ಜಗಲಿಯಲ್ಲಿ ಕೂತು ಬೆಲ್ಲದ ಬಣ್ಣ ನೋಡುವುದಷ್ಟೇ ಅವನ ಯಜಮಾನಿಕೆ. ಒಬ್ಬ ಆಳು ಹಾಸಿಗೆ ಹಿಡಿದ. ಬೆಲ್ಲ ಚೆನ್ನಾಗಿಯೇ ಇತ್ತು. ಇನ್ನೊಬ್ಬ ಮಲಗಿದ, ಮತ್ತೊಬ್ಬನೂ ಮಲಗಿದ. ಉಳಿದವನು ನಾಲ್ವರ ಕೆಲಸವನ್ನು ತುಟಿಪಿಟಕ್ಕೆನ್ನದೆ ಮಾಡಿದ. ಆಗಲೂ ಬೆಲ್ಲ ಚೆನ್ನಾಗಿಯೇ ಇತ್ತು.

ಒಂದು ದಿನ ಬೆಲ್ಲ ಕಪ್ಪಾಯಿತು. ಯಜಮಾನ ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸುವ ಪುಡಿ ಹಾಕಿಸಿದ. ಮಡ್ಡಿ ಇನ್ನಷ್ಟು ಉಕ್ಕಿತು. ಬೇರೊಂದು ಪುಡಿ ಹಾಕಿಸಿದ. ಅದರ ಮಡ್ಡಿಯನ್ನೂ ಆ ಒಬ್ಬನೇ ತೆಗೆಯಬೇಕಾಯಿತು. ಅವನು ಒಂದು ಸಲ ತೆಗೆಯುವಷ್ಟರಲ್ಲಿ ಎರಡು ಸಲದ ಮಡ್ಡಿ ಉಕ್ಕುತ್ತಿತ್ತು.

ಕಬ್ಬು ಅರೆಯುವ ಗಾಣವನ್ನು ನೋಡಿಕೊಳ್ಳುತ್ತಿದ್ದ ಮುದುಕ ತಡೆಯಲಾರದೆ ಜಗಲಿಗೆ ಬಂದ.

"ಬುದ್ಧಿ, ಬೆಲ್ಲ ನೋಡಿದ್ದು ಸಾಕು. ಒಳಗೆ ಬಂದು ಆಳನ್ನ ನೋಡಿ."

"ಏನು ಮಾಡಬೇಕು, ಹೇಳು."

"ಪುಡಿ ನಿಲ್ಸಿ. ಗಾಣ ನಿಧಾನ ಮಾಡ್ಸಿ. ನಿಂತಿರೋನಿಗೆ ಹೊಟ್ಟೆ ತುಂಬ ಊಟ ಹಾಕ್ಸಿ. ಸುಧಾರಿಸ್ಕೊಂಡ್ರೆ ಸರಿ. ಇಲ್ದಿದ್ರೆ ಬೇರೆ ಆಲೆಮನೆಯಿಂದ ಒಬ್ಬನ್ನ ಕರ್ಸಿ. ಇವನು ಬಿದ್ದ ಮೇಲಲ್ಲ ಬುದ್ಧಿ, ಬೀಳೋಕೆ ಮುಂಚೆ."

ಯಜಮಾನ ಹಾಗೆಯೇ ಮಾಡಿದ. ಮಲಗಿದವರಲ್ಲಿ ಒಬ್ಬ ಎದ್ದು ಬಂದ. ಪಕ್ಕದೂರಿನಿಂದ ಒಬ್ಬ ಹೊಸಬನೂ ಬಂದ. ಬೆಲ್ಲದ ಬಣ್ಣ ತಾನಾಗಿಯೇ ತಿಳಿಯಾಯಿತು.

ಕತೆ ಕೇಳಿ ಮರಿಸ್ವಾಮಿ ಹಿಗ್ಗಿದ. "ಹಾಗಾದರೆ ಯಕೃತ್ತೆಂಬ ಆ ಆಳಿಗೆ ಬಲ ಬರುವ ಔಷಧಿಯನ್ನೇ ಹೇಳಿ, ಗುರುಗಳೇ. ಈಗಲೇ ಅರೆದುಬಿಡುತ್ತೇನೆ."

ಗುರುಗಳು ಎದ್ದರು. ಅಣ್ಣನನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಸೇರಿಸಲು ಗಾಡಿ ತರಿಸಿದರು. ಮರಿಸ್ವಾಮಿ ಔಷಧಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಗಾಡಿ ಹತ್ತಲು ಬಂದಾಗ ಗುರುಗಳು ಅದನ್ನು ಇಳಿಸಿಕೊಂಡು ಕೇಳಿದರು:

"ನೀನು ಕೊಟ್ಟ ಏಳು ಔಷಧಿಗಳ ಮಡ್ಡಿಯನ್ನು ಇಷ್ಟು ದಿನ ತೆಗೆದವನು ಯಾರಪ್ಪಾ?"