ನಿಂತ ಕಲ್ಲು

ಶಿಷ್ಯ ತಿಪ್ಪೇಶ ಕೇಳಿದ: "ಗುರುಗಳೇ, ಮೋಟಾರಿನ ದಂಡ ಎಲ್ಲಿಗೆ ತಿರುಗಿದೆ ಎಂದು ಹೇಳಲು ಅದರ ತುದಿಯಲ್ಲಿದ್ದ ಸೆನ್ಸರನ್ನು ತೆಗೆದುಹಾಕಿದೆ. ಮೋಟಾರು ಸುತ್ತುತ್ತಿರುವಾಗ ಏನೂ ತೊಂದರೆಯಿಲ್ಲ. ಒಳಗಿನ ಅಯಸ್ಕಾಂತ ತಿರುಗುತ್ತಾ ಸುರುಳಿಯಲ್ಲಿ ಎದುರು ವೋಲ್ಟೇಜು ಹುಟ್ಟಿಸುತ್ತದೆ. ಅದನ್ನು ಅಳೆದೇ ಅಯಸ್ಕಾಂತ ಎಲ್ಲಿದೆ ಎಂದು ಹೇಳಬಲ್ಲೆ. ಆದರೆ ನಿಂತಲ್ಲಿಂದ ಹೊರಡಿಸುವಾಗ ಒಮ್ಮೊಮ್ಮೆ ಹಿಂದಕ್ಕೆ ಎಗರುತ್ತದೆ. ಯಾಕೆ?"

ಮೋಟಾರು ವಿದ್ಯೆಯಲ್ಲೇ ತಲೆ ನರೆತಿದ್ದ ಗುರುಗಳು "ಮನೆಯಲ್ಲಿ ಹೆಂಡತಿ ಹೇಗಿದ್ದಾಳೆ?" ಎಂದರು.

ಈ ಮಾತು ಇಲ್ಲಿಗೇಕೆ ಬಂತೆಂದು ತಿಪ್ಪೇಶನಿಗೆ ತಿಳಿಯಲಿಲ್ಲ. "ಈಗ ನೆಮ್ಮದಿ. ಮೊದಲೆಲ್ಲ ನನ್ನ ಒಂದು ಮಾತಿಗೆ ಅವಳದು ನಾಲ್ಕು. ಈಚೆಗೆ ಜಗಳವೇ ಇಲ್ಲ" ಎಂದ.

ಗುರುಗಳು ಕತೆ ಹೇಳಿದರು.

ಒಬ್ಬ ಮುದುಕಿ. ಅವಳಿಗೊಬ್ಬಳು ಸೊಸೆ. ಮುದುಕಿಗೆ ಕಣ್ಣು ಹೋಗಿತ್ತು. ದಿನಾ ಬೆಳಗಿನ ಜಾವ ಇಬ್ಬರೂ ಬೀಸುಕಲ್ಲಿನ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಜೋಳ ಬೀಸುತ್ತಿದ್ದರು. ಗೂಟ ತಿರುಗುತ್ತಿದ್ದರೆ ಮುದುಕಿಗೆ ಬೇರೆ ಕಣ್ಣು ಬೇಕಿರಲಿಲ್ಲ. ಆ ಕಡೆಯಿಂದ ಬರುವ ಎಳೆತದಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು.

"ರಾತ್ರಿ ಉಂಡಿಲ್ಲ ನೀನು. ಏಳು, ಮೊದಲು ಒಂದು ರೊಟ್ಟಿ ತಿಂದು ಬಾ" ಎನ್ನುವಳು. ಸೊಸೆ ಬೆರಗಾಗುವಳು. ಆ ಮನೆಯಲ್ಲಿ ಕಣ್ಣಿದ್ದವರು ಯಾರೂ ಅವಳನ್ನು ಅಷ್ಟು ನೋಡಿದವರಲ್ಲ. ಬಸುರಾದಾಗಲೂ ಮೊದಲು ತಿಳಿದದ್ದು ಮುದುಕಿಗೇ. ಸೊಸೆಗೆ ಅತ್ತೆಯೆಂದರೆ ಪ್ರಾಣ. ಬಾಯಿಬಿಟ್ಟು ಏನನ್ನೂ ಹೇಳಿಕೊಳ್ಳುವ ರೂಢಿ ಸೊಸೆಗಿರಲಿಲ್ಲ, ಕೇಳುವ ರೂಢಿ ಮುದುಕಿಗಿರಲಿಲ್ಲ.

ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸುಕಲ್ಲು ಮೂಲೆ ಸೇರಿತು. ಮುದುಕಿ ಕಟ್ಟೆಯ ಮೇಲೆ ಕೂತು, "ನನ್ನ ಸೊಸೆಗೆ ಈಗ ಸುಖ ನೋಡ್ರಿ, ಒಂದು ಸದ್ದಿಲ್ಲ" ಎಂದು ನೆರೆಯವರಿಗೆ ಹೇಳಿಕೊಳ್ಳುತ್ತಿದ್ದಳು. ಪಾಪ, ಹಾಗೆಂದೇ ನಂಬಿದ್ದಳು.

ಒಂದು ಹಬ್ಬ ಬಂತು. ಗಿರಣಿ ಹಿಟ್ಟು ಎಡೆಗೆ ಬೇಡವೆಂದು ಮುದುಕಿ ಕಲ್ಲು ತೊಳೆಸಿ ಸೊಸೆಯನ್ನು ಕರೆದಳು. ಸೊಸೆ ಬಂದು ಗೂಟ ಹಿಡಿದಳು. ಹಿಂದೆ ಬೀಸುತ್ತಿದ್ದ ಕೈ ಈಗಲೂ ಹಾಗೇ ಇದೆ ಎಂದುಕೊಂಡು ಮುದುಕಿ ಬಲವಾಗಿ ನೂಕಿದಳು. ಆ ಕಡೆಯಿಂದ ಎಳೆತ ಬರಲಿಲ್ಲ.

"ಗಿರಣಿ ಬಂದ ಮ್ಯಾಲೆ ಮೈಗಳ್ಳಿ ಆಗೀಯಲ್ಲ!" ಎಂದು ಗದರಿ ಇನ್ನೊಮ್ಮೆ ನೂಕಿದಳು. ಸೊಸೆಯ ಕೈ ಗೂಟದಿಂದ ಜಾರಿತು. ಮುದುಕಿ ಕಲ್ಲಿನ ಮೇಲೆ ತಡಕಾಡಿ ಆ ಕೈ ಹಿಡಿದಳು. ಬರೀ ಎಲುಬು.

"ಎಂದಿನಿಂದ ಹೀಗಾಗೀಯವ್ವಾ?"

"ಕಲ್ಲು ನಿಂತಾಗಿಂದ, ಅತ್ತಿ. ನೀವು ಕೇಳ್ತೀರಂತ ಕಾಯ್ಕೊಂಡಿದ್ದೆ."

ವೈದ್ಯರು ಬಂದರು. ಕಾಲ ಮೀರಿತ್ತು. ಸುಗ್ಗಿಗೆ ಮೊದಲೇ ಸೊಸೆ ತೀರಿಕೊಂಡಳು. ಆಮೇಲೆ ಮುದುಕಿ ಬೆಳಗಾದರೆ ಕಲ್ಲಿನ ಮುಂದೆ ಕೂತು, ಗೂಟವನ್ನು ಮೆಲ್ಲಗೆ, ಒಂದು ಬೆರಳಿನಷ್ಟು ಅಲುಗಿಸಿ ಕಾಯುವಳಂತೆ. ಆ ಕಡೆ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶನ ಬುದ್ಧಿ ಮೋಟಾರಿನ ಕಡೆಗೇ ಓಡಿತು.

"ತಿಳಿಯಿತು, ಗುರುಗಳೇ. ನಿಂತ ಮೋಟಾರಿನಲ್ಲಿ ಎದುರು ವೋಲ್ಟೇಜು ಇರುವುದಿಲ್ಲ. ನಾನು ಹಳೆಯ ಅಂದಾಜಿನ ಮೇಲೆ ನೂಕುತ್ತಿದ್ದೆ. ಮೊದಲು ಒಂದೊಂದು ಸುರುಳಿಗೂ ದಂಡ ಅಲುಗದಷ್ಟು ಸಣ್ಣ ವಿದ್ಯುತ್ ಮಿಡಿತ ಕಳಿಸಬೇಕು. ಬರುವ ಉತ್ತರ, ಅಂದರೆ ಯಾವ ಸುರುಳಿಯಲ್ಲಿ ಕರೆಂಟು ಎಷ್ಟು ಬೇಗ ಏರುತ್ತದೆ ಎಂಬುದನ್ನು ನೋಡಿ ಅಯಸ್ಕಾಂತ ಎಲ್ಲಿದೆ ಎಂದು ತಿಳಿದು, ಆಮೇಲೆ ಬಲ ಕೊಡಬೇಕು."

"ಮೋಟಾರಿಗೆ ಅಷ್ಟು ಸಾಕು" ಎಂದರು ಗುರುಗಳು.

ತಿಪ್ಪೇಶ ಕೈಮುಗಿದು ಹೊರಡಲು ಎದ್ದ. ಬಾಗಿಲವರೆಗೆ ಹೋಗಿದ್ದವನನ್ನು ಗುರುಗಳ ಮಾತು ಅಲ್ಲೇ ನಿಲ್ಲಿಸಿತು.

"ಮನೆಯಲ್ಲಿ ಈಗ ಜಗಳವೇ ಇಲ್ಲ ಎಂದೆಯಲ್ಲ, ಹೇಗಿದ್ದೀ ಎಂದು ಅವಳನ್ನು ಕೇಳಿದೆಯಾ?"